ಬೇರೆಯಾಗುವ ಮೊದಲು ಬರೆದಿಡೋಣ

ನಿಕಾಹ್ ದಿನ ನಾವು ಏನನ್ನೂ ಬಾಯಿಮಾತಿಗೆ ಬಿಡುವುದಿಲ್ಲ. ವಲೀ ಯಾರು, ಸಾಕ್ಷಿಗಳು ಯಾರು, ಮಹ್ರ್ ಎಷ್ಟು ಪವನ್ ಅಂತ ಮಸೀದಿಯ ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕಿಸುತ್ತೇವೆ. ಅದೇ ಗಂಡ ಹೆಂಡತಿ ಬೇರೆಯಾಗುವ ಹಂತಕ್ಕೆ ಬಂದಾಗ ಮಾತ್ರ ಎರಡೂ ಕಡೆಯ ಹಿರಿಯರು ಕೂತು ಮಾತಾಡಿ, ಚಹಾ ಕುಡಿದು, ಸಲಾಂ ಹೇಳಿ ಎದ್ದು ಹೋಗುತ್ತಾರೆ. ಒಂದು ಕಾಗದವೂ ಇರುವುದಿಲ್ಲ.

ಇದರಿಂದ ಏನಾಗುತ್ತದೆ ಅಂತ ನಮ್ಮ ಕಡೆಯ ಮನೆಗಳಿಗೆ ಗೊತ್ತು. ಕಳಸ, ಸಂಸೆ, ಹಿರೇಬೈಲು, ಬಾಳೆಹೊಳೆಯ ಹೆಣ್ಣುಮಕ್ಕಳನ್ನು ಘಾಟಿ ಇಳಿಸಿ ಬೆಳ್ತಂಗಡಿ, ಬಂಟ್ವಾಳದ ಕಡೆಗೆ ಮದುವೆ ಮಾಡಿಕೊಡುವುದುಂಟು. ಜಗಳ ಬಂದರೆ ಹಿರಿಯರು, "ಸ್ವಲ್ಪ ದಿನ ತವರಲ್ಲಿ ಇರಲಿ" ಅನ್ನುತ್ತಾರೆ. ಆ ಸ್ವಲ್ಪ ದಿನ ಒಂದು ವರ್ಷ, ಎರಡು ವರ್ಷ ಆಗುತ್ತದೆ. ಕರೆದುಕೊಂಡು ಹೋಗುವುದಿಲ್ಲ, ತಲಾಖೂ ಇಲ್ಲ, ಖರ್ಚಿಗೆ ದುಡ್ಡೂ ಇಲ್ಲ. ಅಲ್ಲಿಯವರು "ಅವಳೇ ಬಿಟ್ಟು ಹೋದಳು" ಅಂತಾರೆ, ಇಲ್ಲಿಯವರು "ಅವನೇ ತಂದು ಬಿಟ್ಟ" ಅಂತಾರೆ. ಅಂದು ಮಾತುಕತೆಗೆ ಕೂತವರಿಗೂ ನೆನಪು ಒಂದೇ ಥರ ಇರುವುದಿಲ್ಲ. ವರ್ಷದ ಮಧ್ಯೆ ಶಾಲೆ ಬಿಟ್ಟು ಬಂದ ಮಕ್ಕಳು ಮದರಸದಲ್ಲಿ ನಮ್ಮ ಎದುರಿಗೇ ಕೂತಿರುತ್ತಾರೆ. ಉಪ್ಪ ಎಲ್ಲಿ ಅಂತ ಕೇಳಲು ನಮಗೇ ಧೈರ್ಯ ಬರುವುದಿಲ್ಲ.

ಹೆಂಡತಿಯನ್ನು ಅತ್ತಲೂ ಅಲ್ಲ ಇತ್ತಲೂ ಅಲ್ಲ ಎಂಬಂತೆ ತೂಗುಹಾಕಬಾರದು ಅಂತ ಸೂರಃ ಅನ್ನಿಸಾದ 129ನೇ ಆಯತ್ ಎಚ್ಚರಿಸುತ್ತದೆ. ಒಬ್ಬನಿಗೆ ಹಲವು ಹೆಂಡತಿಯರಿದ್ದಾಗ ನ್ಯಾಯ ಹೇಗೆ ಅನ್ನುವಲ್ಲಿ ಬಂದ ಮಾತು ಅದು. ಒಬ್ಬಳೇ ಹೆಂಡತಿಯನ್ನು ತೂಗುಹಾಕಿದವನು ಅದರಿಂದ ತಪ್ಪಿಸಿಕೊಳ್ಳಲು ಆಗುತ್ತದಾ?

ನಾವು ಹೇಳುವುದು ಇಷ್ಟೇ. ತಲಾಖ್ ಅಥವಾ ಖುಲಾದ ಮಾತು ಬರುವ ಮೊದಲೇ, ಇಬ್ಬರೂ ಬೇರೆ ಇರುವ ದಿನಗಳಿಗೆ ಒಂದು ಕರಾರು ಬರೆಯಬೇಕು. ಇದು ಹೊಸ ವಿಚಾರ ಏನಲ್ಲ. ಬಿರುಕು ಕಂಡರೆ ಗಂಡನ ಕಡೆಯಿಂದ ಒಬ್ಬ, ಹೆಂಡತಿಯ ಕಡೆಯಿಂದ ಒಬ್ಬ ಮಧ್ಯಸ್ಥರನ್ನು ಕೂರಿಸಿ ಅಂತ ಅದೇ ಸೂರಃದ 35ನೇ ಆಯತ್ ಹೇಳುತ್ತದೆ. ಕುರ್‌ಆನಿನ ಅತಿ ಉದ್ದದ ಆಯತ್, ಅಲ್‌ಬಖರಃದ 282, ಇರುವುದೇ ಸಾಲವನ್ನು ಬರೆದಿಡುವ ಬಗ್ಗೆ. ಕೊಡದೆ ಉಳಿದ ಮಹ್ರ್ ಸಾಲವೇ ತಾನೇ?

ಕರಾರಿನಲ್ಲಿ ಏನಿರಬೇಕು? ಎಷ್ಟು ತಿಂಗಳು ಬೇರೆ ಇರುವುದು, ಅಷ್ಟರೊಳಗೆ ಮಧ್ಯಸ್ಥರು ಯಾವಾಗ ಮತ್ತೆ ಕೂರುವುದು ಅಂತ ಮೊದಲು ಬರೆಯಿರಿ. ಅವಳು ತವರಲ್ಲಿ ಇರುವುದು ಗಂಡನ ಒಪ್ಪಿಗೆಯಿಂದ, ಅವಳ ನಫಖಃ ನಿಲ್ಲುವುದಿಲ್ಲ ಅಂತ ಸ್ಪಷ್ಟ ಇರಲಿ. ಆಗ "ಗಂಡನ ಮಾತು ಮೀರಿ ಹೋದವಳು" ಅನ್ನುವ ಆರೋಪಕ್ಕೆ ಜಾಗ ಇರುವುದಿಲ್ಲ. ಕಾಫಿ, ಕಾಳುಮೆಣಸಿನ ವ್ಯಾಪಾರ ಮಾಡುವವನಿಗೆ ತಿಂಗಳ ಸಂಬಳ ಇರುವುದಿಲ್ಲ. ಅಂಥವನು ತಿಂಗಳಿಗೆ ಕನಿಷ್ಠ ಇಷ್ಟು, ಕೊಯ್ಲು ಮುಗಿದ ಮೇಲೆ ಇಷ್ಟು ಅಂತ ಒಪ್ಪಲಿ. ಗಲ್ಫಿನಲ್ಲಿ ಇರುವವನು ಹೆಂಡತಿಯ ಬ್ಯಾಂಕ್ ಖಾತೆಗೇ ಹಾಕಲಿ, ತಮ್ಮನ ಕೈಯಲ್ಲಿ ಕಳಿಸಿದೆ ಅನ್ನುವ ಮಾತು ಬೇಡ. ಮಹ್ರ್ ಮತ್ತು ಬಂಗಾರ ಯಾರ ಕೈಯಲ್ಲಿದೆ, ಮಕ್ಕಳು ಯಾರ ಜೊತೆ, ಅವರ ಫೀಸು ಯಾರದು, ತಂದೆ ಯಾವಾಗ ನೋಡಲು ಬರಬಹುದು, ಆಧಾರ್, ರೇಷನ್ ಕಾರ್ಡ್, ಪಾಸ್‌ಪೋರ್ಟ್ ಯಾರ ಬಳಿ ಇವೆ, ಎಲ್ಲವೂ ಬರಲಿ.

"ಉಸ್ತಾದರೇ, ಬರೆದರೆ ತಲಾಖಿಗೆ ದಾರಿ ಮಾಡಿಕೊಟ್ಟ ಹಾಗೆ ಆಗುವುದಿಲ್ಲವಾ?" ಅಂತ ಕೇಳುವವರು ಇದ್ದಾರೆ. ನಮಗೆ ಕಾಣುವುದು ಬೇರೆ. ಖರ್ಚಿನ ಜಗಳ, ಬಂಗಾರದ ಜಗಳ ಒಂದು ಕಡೆ ತೀರಿದರೆ ಗಂಡ ಹೆಂಡತಿ ತಮ್ಮ ಮನಸ್ಸಿನ ಮಾತು ಆಡುತ್ತಾರೆ. ಸಿಟ್ಟು ಇಳಿಯಲು ಸಮಯ ಸಿಗುತ್ತದೆ. ಒಂದಾದರೆ ಅಲ್‌ಹಂದುಲಿಲ್ಲಾಹ್, ಕಾಗದವನ್ನು ಹರಿದು ಹಾಕಿದರಾಯಿತು. ಆಗದಿದ್ದರೆ ಗೌರವದಿಂದ ಬೇರೆಯಾಗಲು ದಾರಿ ಇದೆ.

ಆದರೆ ಅರ್ಧಂಬರ್ಧ ಬರೆದರೆ ಅಪಾಯವೂ ಇದೆ. "ಇಬ್ಬರೂ ಒಪ್ಪಿ ಬೇರೆ ಇದ್ದೇವೆ" ಅಂತ ಒಂದೇ ಸಾಲು ಬರೆದು ಸಹಿ ಹಾಕಿಸಿದರೆ, ಮುಂದೆ ಜೀವನಾಂಶದ ಕೇಸಿನಲ್ಲಿ ಆ ಸಾಲೇ ಹೆಂಡತಿಗೆ ಮುಳುವಾಗಬಹುದು. ಪರಸ್ಪರ ಒಪ್ಪಿ ಬೇರೆ ಇರುವವಳಿಗೆ ಜೀವನಾಂಶ ಇಲ್ಲ ಅನ್ನುವ ಮಾತು ಕಾನೂನಿನಲ್ಲಿದೆ. ಆದ್ದರಿಂದ ಖರ್ಚಿನ ಮೊತ್ತ ಬರೆಯದ ಕರಾರಿಗೆ ಹೆಣ್ಣಿನ ಕಡೆಯವರು ಸಹಿ ಹಾಕಬೇಡಿ. ಮಕ್ಕಳ ಖರ್ಚಿನ ಹಕ್ಕನ್ನು ಬಿಟ್ಟುಕೊಡಲು ತಾಯಿಗೂ ಅಧಿಕಾರ ಇಲ್ಲ.

ಜಮಾಅತಿನ ತೀರ್ಮಾನ ಕೋರ್ಟಿನ ತೀರ್ಪಿಗೆ ಸಮ ಅಲ್ಲ ಅನ್ನುವುದನ್ನೂ ತಿಳಿದಿರಬೇಕು. ಇಂಥ ತೀರ್ಮಾನ, ಫತ್ವಾಗಳಿಗೆ ಕಾನೂನಿನ ಬಲ ಇಲ್ಲ ಅಂತ ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿದೆ. ಹಾಗಾಗಿ ಕರಡನ್ನು ಒಬ್ಬ ವಕೀಲರಿಗೆ ತೋರಿಸಿ. ದುಡ್ಡಿಲ್ಲ ಅನ್ನುವ ಚಿಂತೆ ಬೇಡ. 1987ರ ಕಾನೂನು ಸೇವೆಗಳ ಕಾಯ್ದೆಯಂತೆ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಕಾನೂನು ನೆರವು ಉಚಿತ. ಚಿಕ್ಕಮಗಳೂರಿನ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಕೊಡಬಹುದು. ಕೇಸು ಹಾಕುವ ಮೊದಲೇ ಲೋಕ ಅದಾಲತ್‌ನಲ್ಲಿ ರಾಜಿ ಮಾಡಿಸಿಕೊಂಡರೆ ಅದಕ್ಕೆ ಸಿವಿಲ್ ಕೋರ್ಟಿನ ಡಿಕ್ರಿಯ ಬೆಲೆ ಇರುತ್ತದೆ.

ಗಂಡಿನ ಕಡೆಯವರಿಗೂ ಒಂದು ಮಾತು. ಒಂದೇ ಉಸಿರಿಗೆ ಮೂರು ತಲಾಖ್ ಹೇಳುವುದು, ವಾಟ್ಸಾಪಿನಲ್ಲಿ ಕಳಿಸುವುದು 2019ರ ಕಾಯ್ದೆಯಂತೆ ಅಸಿಂಧು, ಮೂರು ವರ್ಷದವರೆಗೆ ಜೈಲು ಶಿಕ್ಷೆಯೂ ಇದೆ. ಇದ್ದತ್ ಮುಗಿದರೆ ಹೊಣೆ ಮುಗಿಯಿತು ಅಂತಲೂ ಇಲ್ಲ. ಇದ್ದತಿನ ಒಳಗೇ ಅವಳ ಮುಂದಿನ ಬದುಕಿಗೆ ಸಾಕಾಗುವ ಏರ್ಪಾಡು ಮಾಡಬೇಕು ಅಂತ ಸುಪ್ರೀಂ ಕೋರ್ಟ್ 2001ರ ಡ್ಯಾನಿಯಲ್ ಲತೀಫಿ ತೀರ್ಪಿನಲ್ಲಿ ಹೇಳಿತು. ವಿಚ್ಛೇದಿತ ಮುಸ್ಲಿಂ ಮಹಿಳೆ ಸಾಮಾನ್ಯ ಕಾನೂನಿನಡಿಯೂ ಜೀವನಾಂಶ ಕೇಳಬಹುದು ಅಂತ 2024ರ ಜುಲೈ 10ರಂದು ಮತ್ತೆ ಸ್ಪಷ್ಟಪಡಿಸಿತು. ಇವತ್ತು ಎರಡು ಮನೆಯವರು ಕೂತು ಒಪ್ಪುವುದು ಸುಲಭ. ನಾಳೆ ಘಾಟಿ ಹತ್ತಿ ಇಳಿದು ಕೋರ್ಟಿಗೆ ಅಲೆಯುವುದು ಎರಡು ಕಡೆಗೂ ಕಷ್ಟ.

ಜಮಾಅತ್ ಕಮಿಟಿಗಳಲ್ಲಿ ನಮ್ಮ ವಿನಂತಿ: ನಿಕಾಹ್ ರಿಜಿಸ್ಟರಿನ ಪಕ್ಕ ಇನ್ನೊಂದು ಪುಸ್ತಕ ಇಡಿ. ಮಾತುಕತೆಗೆ ಕೂತ ದಿನವೇ ಒಪ್ಪಿದ್ದನ್ನು ಬರೆದು, ಗಂಡ, ಹೆಂಡತಿ, ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ, ಎರಡು ಮನೆಗೂ ಪ್ರತಿ ಕೊಡಿ. ಹುಡುಗಿಯನ್ನು ಹೊರಗೆ ಕೂರಿಸಿ ಅವಳ ಉಪ್ಪನ ಸಹಿ ಮಾತ್ರ ತೆಗೆದುಕೊಳ್ಳಬೇಡಿ, ಅವಳ ಬಾಯಿಂದಲೇ ಕೇಳಿ. ಕೊಯ್ಲು ಶುರುವಾದರೆ ಯಾರಿಗೂ ಪುರುಸೊತ್ತು ಇರುವುದಿಲ್ಲ. ಮುಂದಿನ ಮೀಟಿಂಗಿನಲ್ಲೇ ಈ ವಿಷಯ ಎತ್ತಿ.