ಗಾಡಿ ತುಂಬಿ ಹೋಗಿದ್ದು ಯಾವ ಕಡೆಗೆ?

ರೈಲು ಬಂದ್ರೆ ಊರು ಉದ್ಧಾರ ಆಗುತ್ತೆ ಅಂತ ನಾನೂ ನಂಬಿದ್ದೆ. ದಿನಕ್ಕೆ ಎರಡೇ ಬಸ್ಸು ಬರುತ್ತಿದ್ದ ಹಳ್ಳಿಯಲ್ಲಿ ಬೆಳೆದವನಿಗೆ ಹಾಗನ್ನಿಸದೆ ಇನ್ನೇನು?

ಆನ್‌ಸೈಟ್ ಅಂತ ಪಿಟ್ಸ್‌ಬರ್ಗ್‌ನಲ್ಲಿದ್ದಾಗ ಒಂದು ವೀಕೆಂಡು ವೆಸ್ಟ್ ವರ್ಜೀನಿಯಾದ ಬ್ಲ್ಯಾಕ್‌ವಾಟರ್ ಜಲಪಾತ ನೋಡೋಕೆ ಹೋಗಿದ್ವಿ. ಪಕ್ಕದಲ್ಲೇ ಡೇವಿಸ್, ಥಾಮಸ್ ಅನ್ನೋ ಎರಡು ಪುಟ್ಟ ಊರು. ರೈಲು ಓಡುತ್ತಿದ್ದ ದಾರಿಯಲ್ಲಿ ಈಗ ಜನ ಸೈಕಲ್ ಹೊಡೀತಾರೆ. "ಎಷ್ಟು ಪ್ರಶಾಂತವಾಗಿದೆ ಅಲ್ವಾ!" ಅಂದ ಗೆಳೆಯ. ಬಾಡಿಗೆಯವರು ಖಾಲಿ ಮಾಡಿದ ಮನೆಯೂ ಪ್ರಶಾಂತವಾಗೇ ಇರುತ್ತೆ ಮಾರಾಯಾ!

ಇಲ್ಲಿಗೆ ರೈಲು ತಂದವರು ಹೆನ್ರಿ ಗ್ಯಾಸವೇ ಡೇವಿಸ್. 1871ರಿಂದ 1883ರವರೆಗೆ ಅಮೆರಿಕದ ಸೆನೆಟರ್. ಅವರ ವೆಸ್ಟ್ ವರ್ಜೀನಿಯಾ ಸೆಂಟ್ರಲ್ ಅಂಡ್ ಪಿಟ್ಸ್‌ಬರ್ಗ್ ರೈಲ್ವೆ 1884ರಲ್ಲಿ ಡೇವಿಸ್ ತಲುಪಿತು. ಹಳಿ ಅವರದ್ದು, ಸುತ್ತಲಿನ ಕಲ್ಲಿದ್ದಲ ಜಮೀನು ಅವರ ಕಂಪನಿಗಳದ್ದು, ಊರಿನ ಹೆಸರೂ ಅವರದ್ದೇ. ಥಾಮಸ್? ಅದು ಅವರ ತಮ್ಮನ ಹೆಸರು!

ಆಮೇಲೆ ಶುರುವಾಯ್ತು ಸಾಗಾಟ. ಥಾಮಸ್ ಸುತ್ತಲಿನ ಗಣಿಗಳಿಂದ ಕಲ್ಲಿದ್ದಲು, ಅದನ್ನು ಸುಟ್ಟು ಮಾಡಿದ ಕೋಕ್. ಡೇವಿಸ್‌ನಿಂದ ಕೆಂಪು ಸ್ಪ್ರೂಸ್ ಮರ. ಕಡಿದಾದ ಗುಡ್ಡಗಳನ್ನೂ ಗೇರು ಹಾಕಿದ ಶೇ ಇಂಜಿನ್ನುಗಳು ಹತ್ತಿದವು. ಕಾಡು ಬೋಳಾಯ್ತು. ಬಿದ್ದಿದ್ದ ರೆಂಬೆ ಕೊಂಬೆ ಒಣಗಿ ಬೆಂಕಿ ಹತ್ತಿ, ಎಷ್ಟೋ ಕಡೆ ಮಣ್ಣೇ ಉರಿದು ಕೆಳಗಿನ ಬಂಡೆ ಕಾಣಿಸಿತು.

"ಆದ್ರೂ ಜನಕ್ಕೆ ಕೆಲಸ ಸಿಕ್ತಲ್ಲ?" ಅಂತೀರಿ. ಸಿಕ್ತು, ಸುಳ್ಳು ಹೇಳಲ್ಲ. ಮರ ಇರೋವರೆಗೆ. 1924ರಲ್ಲಿ ಡೇವಿಸ್‌ನ ದೊಡ್ಡ ಮರದ ಮಿಲ್ಲು ಮುಚ್ಚಿತು. ಸೆನೆಟರ್ ಸಾಹೇಬರು ಅದಕ್ಕೂ ಎಷ್ಟೋ ಮೊದಲೇ, 1902ರಲ್ಲೇ, ರೈಲ್ವೆಯನ್ನ ಮಾರಿ ಕೈತೊಳೆದುಕೊಂಡಿದ್ದರು. ಕಲ್ಲಿದ್ದಲೂ ಇಳೀತಾ ಬಂತು. 1980ರ ದಶಕದಲ್ಲಿ ಕಣಿವೆಯ ಹಳಿಯನ್ನೂ ಕಿತ್ತರು. ಊರಿಗೆ ಉಳಿದದ್ದು? ಹಳೇ ಗಣಿಗಳಿಂದ ಇವತ್ತಿಗೂ ಹೊಳೆಗೆ ಸೇರುವ ಆಮ್ಲದ ನೀರು.

ತಪ್ಪು ರೈಲಿನದ್ದಲ್ಲ. ಹಳಿ, ನೆಲ, ಸರಕು ಮೂರೂ ಒಬ್ಬರ ಕೈಯಲ್ಲೇ ಇದ್ದಾಗ, ಊರು ಅನ್ನೋದು ಅವರ ಲೆಕ್ಕದಲ್ಲಿ ಬರೀ ಲೋಡಿಂಗ್ ಪಾಯಿಂಟು. ಡೆವಲಪ್‌ಮೆಂಟ್, ಕನೆಕ್ಟಿವಿಟಿ ಅಂತ ಪಿಪಿಟಿ ಮಾಡೋ ನಾವು ಒಂದು ಸ್ಲೈಡನ್ನ ಯಾವತ್ತೂ ಹಾಕಲ್ಲ: ಗಾಡಿ ತುಂಬಿ ಹೋಗಿದ್ದು ಯಾವ ಕಡೆಗೆ, ವಾಪಸ್ ಬರುವಾಗ ಅದರಲ್ಲಿ ಏನಿತ್ತು? ಮುಂದಿನ ಸಲ ಯಾರಾದ್ರೂ ಊರು ಉದ್ಧಾರ ಆಗುತ್ತೆ ಅಂದ್ರೆ, ಚಪ್ಪಾಳೆ ಹೊಡೆಯೋ ಮೊದಲು ಇದೊಂದನ್ನ ಕೇಳಿ.