ಕಿವಿಯ ತಪ್ಪೋ, ಮಾತಿನ ತಪ್ಪೋ?

ಕಳೆದ ವರ್ಷ ನಮ್ಮ ಕಾಲೇಜಿನ ಪ್ರಯೋಗಶಾಲೆಯಲ್ಲಿ ಒಂದು ತಂತಿ ತುಂಡಾಯಿತು. ಇದೇನು ಪತ್ರಿಕೆಯಲ್ಲಿ ಬರೆಯತಕ್ಕ ಸಂಗತಿಯೇ ಎಂದು ವಾಚಕರು ಕೇಳಬಹುದು. ತಂತಿ ತುಂಡಾದುದಕ್ಕಿಂತ ಅದು ತುಂಡಾದ ಬಗೆ ಹೆಚ್ಚು ವಿಚಾರಾರ್ಹವಾಗಿದೆಯೆಂದು ನನಗೆ ತೋರಿದುದರಿಂದ ಈ ನಾಲ್ಕು ಮಾತು.

ಮೊದಲನೆಯ ವರ್ಷದ ಬಿ.ಎಸ್‌ಸಿ. ವಿದ್ಯಾರ್ಥಿಗಳು ಸೋನೋಮೀಟರ್ ಪ್ರಯೋಗವನ್ನು ಮಾಡುತ್ತಿದ್ದರು. ಎಳೆದು ಕಟ್ಟಿದ ತಂತಿಯ ಬಿಗಿತಕ್ಕೂ ಅದು ಹೊರಡಿಸುವ ನಾದಕ್ಕೂ ಇರುವ ಸಂಬಂಧವನ್ನು ಕಂಡುಕೊಳ್ಳುವುದು ಅದರ ಉದ್ದೇಶ. ತಂತಿಯ ತುದಿಗೆ ಒಂದು ಹ್ಯಾಂಗರನ್ನು ತೂಗಹಾಕಿ, ಅದರ ಮೇಲೆ ಅರ್ಧ ಅರ್ಧ ಕಿಲೋಗ್ರಾಂ ತೂಕದ ಬಿಲ್ಲೆಗಳನ್ನು ಒಂದೊಂದಾಗಿ ಏರಿಸುತ್ತ ಹೋಗಬೇಕು. ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿ ಬಂದ ಹುಡುಗನೊಬ್ಬ ಆ ಕೆಲಸದಲ್ಲಿದ್ದ. ತಂತಿ ಹಳೆಯದು, ಒಂದೆಡೆ ತುಕ್ಕು ಹಿಡಿದಿತ್ತು. ಅದನ್ನು ದೂರದಿಂದಲೇ ಗಮನಿಸಿದ ನಾನು, ಆತ ಕಾಯಲೆಂಬ ಉದ್ದೇಶದಿಂದ, "ವೇಟ್!" ಎಂದು ಕೂಗಿದೆ. ಆತ "ಎಸ್ ಸರ್" ಎಂದು ಇನ್ನೊಂದು ಬಿಲ್ಲೆಯನ್ನು ಏರಿಸಿದ. ನಾನು ಗಾಬರಿಯಿಂದ "ವೇಟ್, ವೇಟ್!" ಎಂದೆ. ಆತ ಒಂದಲ್ಲ, ಎರಡು ಬಿಲ್ಲೆಗಳನ್ನು ಹಾಕಿದ. ತಂತಿ ಟಣ್ಣೆಂದು ಹರಿಯಿತು. ತೂಕಗಳು ನೆಲದ ಮೇಲೆ ಉರುಳಿದುವು. ತರಗತಿಗೆ ತರಗತಿಯೇ ನಕ್ಕಿತು. ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ, ನಾನೂ ನಕ್ಕೆ. ಆ ಹುಡುಗ ಆಮೇಲೆ ಮೂರು ವಾರ ನನ್ನ ಮುಂದೆ ಬಾಯಿ ತೆರೆಯಲಿಲ್ಲ.

ಕಾಯುವುದಕ್ಕೂ ತೂಕಕ್ಕೂ ಇಂಗ್ಲಿಷಿನಲ್ಲಿ ಬರೆಯುವ ಅಕ್ಷರಗಳು ಬೇರೆ, ಆದರೆ ಉಚ್ಚಾರ ಒಂದೇ. ಬಾಯಿಂದ ಹೊರಟು ಗಾಳಿಯಲ್ಲಿ ಹರಿದು ಕಿವಿಗೆ ತಾಗುವ ಶಬ್ದತರಂಗದಲ್ಲಿ ಇವೆರಡನ್ನು ಬೇರ್ಪಡಿಸುವ ಗುರುತು ಎಳ್ಳಷ್ಟೂ ಇಲ್ಲ. ಎಂಥ ಸೂಕ್ಷ್ಮಯಂತ್ರವನ್ನು ತಂದಿಟ್ಟರೂ ಇಲ್ಲದುದನ್ನು ಅದು ತೋರಿಸಲಾರದು. ಹೀಗಿರುವಾಗ ಕೇಳುವವನು ಏನು ಮಾಡಬೇಕು? ಸಂದರ್ಭವನ್ನು ನೋಡಿ ಅರ್ಥವನ್ನು ಊಹಿಸಬೇಕು. ಕೈಯಲ್ಲಿ ತೂಕದ ಬಿಲ್ಲೆ, ಎದುರಿಗೆ ಹ್ಯಾಂಗರು, ಹಿಂದಿನಿಂದ ಮೇಷ್ಟರ ಕೂಗು: ಈ ಸ್ಥಿತಿಯಲ್ಲಿ ಆ ಹುಡುಗ ಮಾಡಿದ ಊಹೆಯೇ ಹೆಚ್ಚು ಯುಕ್ತವಾದುದಲ್ಲವೆ? ತಪ್ಪು ಯಾರದೆಂದು ತಕ್ಕಡಿಯಲ್ಲಿಟ್ಟು ತೂಗಿದರೆ ನನ್ನ ತಟ್ಟೆಯೇ ಕೆಳಗಿಳಿಯುತ್ತದೆ.

ಈ ವಿಚಾರ ನನಗೆ ಹೊಳೆದುದು ತಡವಾಗಿ. ಅದೂ ಯಾವುದೋ ಶಾಸ್ತ್ರಗ್ರಂಥದಿಂದಲ್ಲ, ಒಂದು ದೂರದರ್ಶನದ ಪ್ರಹಸನದಿಂದ. ಬ್ರಿಟನ್ನಿನ ಬಿ.ಬಿ.ಸಿ.ಯಲ್ಲಿ 'ದಿ ಟೂ ರೋನೀಸ್' ಎಂಬ ಹಾಸ್ಯಮಾಲೆ ಬಹುಕಾಲ ನಡೆಯಿತು. ಅದರಲ್ಲಿ ೧೯೭೬ರ ಸೆಪ್ಟೆಂಬರಿನಲ್ಲಿ ಬಿತ್ತರವಾದ ಒಂದು ಪುಟ್ಟ ದೃಶ್ಯವು ಇಂದಿಗೂ 'ಫೋರ್ ಕ್ಯಾಂಡಲ್ಸ್' ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ. ಬರೆದವರು ಅದರ ನಟರಲ್ಲೊಬ್ಬರಾದ ರೋನೀ ಬಾರ್ಕರ್. ಆದರೆ ತಮ್ಮ ಹೆಸರಿನಿಂದಲ್ಲ, ಜೆರಲ್ಡ್ ವೈಲಿ ಎಂಬ ಗುಪ್ತನಾಮದಿಂದ. ಅವರ ಹಸ್ತಪ್ರತಿಯು ೨೦೦೭ರಲ್ಲಿ ಹರಾಜಾದಾಗ ೪೮,೫೦೦ ಪೌಂಡುಗಳನ್ನು ತಂದಿತು. ಒಂದೆರಡು ಶಬ್ದಗಳ ಕಲಸುಮೇಲೋಗರಕ್ಕೆ ಇಷ್ಟು ಬೆಲೆ!

ದೃಶ್ಯವು ನಡೆಯುವುದು ಕಬ್ಬಿಣದ ಸಾಮಾನಿನ ಅಂಗಡಿಯಲ್ಲಿ. ಬಾರ್ಕರ್ ಗಿರಾಕಿ, ಕುಳ್ಳನೆಯ ರೋನೀ ಕಾರ್ಬೆಟ್ ಅಂಗಡಿಯವ. ಗಿರಾಕಿ ಕೇಳುವುದು ಫೋರ್ಕ್ ಹ್ಯಾಂಡಲ್ಸ್, ಎಂದರೆ ತೋಟದ ಮಣ್ಣು ಸಡಿಲಿಸುವ ಫೋರ್ಕಿಗೆ ಹಾಕುವ ಕಾವು. ಅಂಗಡಿಯವ ತಂದಿಡುವುದು ಫೋರ್ ಕ್ಯಾಂಡಲ್ಸ್, ಎಂದರೆ ನಾಲ್ಕು ಮೇಣದಬತ್ತಿ. ಆಮೇಲೆ ಗಿರಾಕಿ 'ಓಸ್' ಬೇಕೆನ್ನುತ್ತಾನೆ. ಅಂಗಡಿಯವ ಹೋ ಎಂಬ ಗುದ್ದಲಿಯನ್ನು ತರುತ್ತಾನೆ; ಅದಲ್ಲವೆಂದಾಗ ನೀರು ಬಿಡುವ ಹೋಸ್ ಕೊಳವೆಯನ್ನು ತರುತ್ತಾನೆ; ಅದೂ ಅಲ್ಲ. ಕೊನೆಗೆ ತಿಳಿಯುವುದೇನೆಂದರೆ, ಮನೆಯ ಗೇಟಿನ ಮೇಲಿನ ಹೆಸರಿಗೆ ಅಂಟಿಸುವ 'ಓ' ಅಕ್ಷರಗಳು ಆತನಿಗೆ ಬೇಕಾಗಿದ್ದುವು. ಅಕ್ಷರಗಳ ಪೆಟ್ಟಿಗೆಯೋ ಅಟ್ಟದೆತ್ತರದಲ್ಲಿ! ಅಂಗಡಿಯವ ಏಣಿ ಹತ್ತಿ ತಂದು, ಮತ್ತೆ ಮೇಲಿಟ್ಟು ಇಳಿದ ಮೇಲೆ ಗಿರಾಕಿ 'ಪೀಸ್' ಕೇಳುತ್ತಾನೆ. ಈ ಸಲ ಎಚ್ಚರಗೊಂಡ ಅಂಗಡಿಯವ 'ಪೀ' ಅಕ್ಷರಗಳಿಗಾಗಿ ಗೊಣಗುತ್ತ ಪುನಃ ಏಣಿ ಹತ್ತುತ್ತಾನೆ. ಗಿರಾಕಿಗೆ ಬೇಕಾದುದು ಡಬ್ಬಿಯಲ್ಲಿ ಬರುವ ಬಟಾಣಿ.

ಇದರ ಹಿಂದಿನ ಜಾಣ್ಮೆಯನ್ನು ಗಮನಿಸಿ. ಮೇಣದಬತ್ತಿ, ಕಾವು, ಗುದ್ದಲಿ, ಕೊಳವೆ ಎಲ್ಲವೂ ಅದೇ ಅಂಗಡಿಯಲ್ಲಿ ಸಿಗುವ ಸಾಮಾನುಗಳೇ. ಈ ಮಾತನ್ನೇ ಮಿಠಾಯಿ ಅಂಗಡಿಯಲ್ಲಿ ಆಡಿದ್ದರೆ ನಗೆ ಹುಟ್ಟುತ್ತಿರಲಿಲ್ಲ. ಶಬ್ದವು ಕೈಬಿಟ್ಟಾಗ ನೆರವಿಗೆ ಬರಬೇಕಾದ ಸಂದರ್ಭವೂ ಇಲ್ಲಿ ಕೈಬಿಡುತ್ತದೆ. ಅಷ್ಟೇ ಅಲ್ಲ, ಹಿಂದಿನ ಅನುಭವದಿಂದ ಪಾಠ ಕಲಿತು ಊಹೆಯನ್ನು ತಿದ್ದಿಕೊಂಡ ಅಂಗಡಿಯವನಿಗೆ ಆ ಪಾಠವೇ ಮುಳುವಾಗುತ್ತದೆ. ಸಂಭವನೀಯತೆಯ ಗಣಿತವನ್ನು ಇದಕ್ಕಿಂತ ಚೆನ್ನಾಗಿ ನಾನು ತರಗತಿಯಲ್ಲಿ ವಿವರಿಸಿದ್ದಿಲ್ಲ.

ಇನ್ನು ಶಬ್ದದ ಕಡೆಗೆ ಬರೋಣ. 'ಫೋರ್ ಕ್ಯಾಂಡಲ್ಸ್' ಮತ್ತು 'ಫೋರ್ಕ್ ಹ್ಯಾಂಡಲ್ಸ್' ಇವು 'ವೇಟ್'ಗಳಂತೆ ಸಂಪೂರ್ಣ ಒಂದೇ ಅಲ್ಲ. ಎರಡನೆಯದರಲ್ಲಿ ಹಕಾರವಿದೆ. ಆದರೆ ಹಕಾರವೆಂಬುದು ಅತ್ಯಂತ ದುರ್ಬಲವಾದ ಧ್ವನಿ, ತೆರೆದ ಗಂಟಲಿನಿಂದ ಹೊರಬೀಳುವ ಬರಿಯ ಉಸಿರು. ಲಂಡನ್ನಿನ ಜನಸಾಮಾನ್ಯರ ಮಾತಿನಲ್ಲಿ ಅದು ಬಿದ್ದೇ ಹೋಗುತ್ತದೆ. ಈ ವಿಷಯದಲ್ಲಿ ನಾವು ಅವರನ್ನು ನೋಡಿ ನಗಬೇಕಾಗಿಲ್ಲ. ನಮ್ಮ ಹಳೆ ಮೈಸೂರಿನ ಹಳ್ಳಿಗಳಲ್ಲಿಯೂ ಹಣ್ಣು 'ಅಣ್ಣು' ಆಗುತ್ತದೆ, ಹಾಸನ 'ಆಸ್ನ'ವಾಗುತ್ತದೆ. ಹತ್ತು ರೂಪಾಯಿ ಕೊಟ್ಟವನು ಅತ್ತು ರೂಪಾಯಿ ಕೊಟ್ಟಂತೆ ಕೇಳಿಸುವುದೂ ಉಂಟು.

ಹಕಾರ ಬಿದ್ದುಹೋದ ಮೇಲೆ ಉಳಿಯುವ ವ್ಯತ್ಯಾಸ ಒಂದೇ: ನಡುವಿನ ಕಕಾರವು ಹಿಂದಿನ ಪದಕ್ಕೆ ಸೇರಿದ್ದೋ ಮುಂದಿನ ಪದಕ್ಕೆ ಸೇರಿದ್ದೋ ಎಂಬುದು. ಇಂಗ್ಲಿಷರು ಪದದ ಆದಿಯಲ್ಲಿ ಕಕಾರವನ್ನು ಒತ್ತಿ ನುಡಿಯುವಾಗ ಅದರೊಡನೆ ಒಂದಿಷ್ಟು ಉಸಿರನ್ನೂ ಬಿಡುತ್ತಾರೆ. ಅದು ನಮ್ಮ ಖಕಾರದ ಕಡೆಗೆ ವಾಲುತ್ತದೆ. ನಾಲಗೆಯು ಅಂಗುಳಿನಿಂದ ಬಿಡಿಸಿಕೊಂಡ ಕ್ಷಣಕ್ಕೂ ಕಂಠದಲ್ಲಿ ನಾದ ಹುಟ್ಟುವ ಕ್ಷಣಕ್ಕೂ ನಡುವಿನ ಅಂತರವನ್ನು ಲಿಸ್ಕರ್ ಮತ್ತು ಏಬ್ರಮ್‌ಸನ್ ಎಂಬ ವಿದ್ವಾಂಸರು ೧೯೬೪ರಲ್ಲಿ ಅಳೆದು ಪ್ರಕಟಿಸಿದರು. ಬಿಡಿ ಪದಗಳ ಆದಿಯ ಇಂಗ್ಲಿಷ್ ಕಕಾರಕ್ಕೆ ಅದು ಸರಾಸರಿ ೮೦ ಮಿಲಿಸೆಕೆಂಡು. ಪದದ ಅಂತ್ಯದ ಕಕಾರಕ್ಕೆ ಈ ಉಸಿರಿನ ಬಾಲವಿರುವುದಿಲ್ಲ, ಇದ್ದರೂ ಬಹಳ ಕಿರಿದು. ಅವಸರದ ಮಾತಿನಲ್ಲಿ ಇಷ್ಟು ವ್ಯತ್ಯಾಸವೂ ಅಳಿಸಿಹೋಗುತ್ತದೆ. ಇಲ್ಲಿ ಒಂದು ವಿನೋದವಿದೆ. ಕ ಮತ್ತು ಖ ಬೇರೆ ಬೇರೆ ಅಕ್ಷರಗಳೆಂದು ಒಂದನೆಯ ತರಗತಿಯಿಂದಲೇ ತಿದ್ದಿ ಬೆಳೆದ ನಮಗೆ ಈ ಭೇದ ಇಂಗ್ಲಿಷರಿಗಿಂತ ಚೆನ್ನಾಗಿ ಕೇಳಿಸಬೇಕು. ಆದರೆ ನಾವು ಇಂಗ್ಲಿಷನ್ನು ಆಡುವಾಗ ಎಲ್ಲೆಡೆಯೂ ಶುದ್ಧ ಅಲ್ಪಪ್ರಾಣವನ್ನೇ ಬಳಸುತ್ತೇವೆ. ಹೀಗಾಗಿ ಆ ಗಿರಾಕಿಯ ಬೇಡಿಕೆಯನ್ನು ನಾವು ಆಡಿದ್ದರೆ ಗೊಂದಲ ಇನ್ನೂ ಹೆಚ್ಚುತ್ತಿತ್ತು!

ಸ್ವರಗಳ ಕಥೆ ಬೇರೆ. ಪ್ರಯೋಗಶಾಲೆಯಲ್ಲಿ ನೀರಿನ ಮಟ್ಟವನ್ನು ಏರಿಸಿ ಇಳಿಸಿ ಗಾಳಿಯ ಕಂಬದ ಅನುರಣನವನ್ನು ಕಾಣುತ್ತೇವಷ್ಟೆ. ಬಾಯಿಯೂ ಅಂಥದೇ ಒಂದು ಕೊಳವೆ. ನಾಲಗೆ ತುಟಿಗಳನ್ನು ಹೊರಳಿಸಿದಂತೆ ಅದರ ಅನುರಣನಗಳು ಬದಲಾಗುತ್ತವೆ. ಪೀಟರ್ಸನ್ ಮತ್ತು ಬಾರ್ನಿ ಎಂಬವರು ೧೯೫೨ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ೭೬ ಮಂದಿಯ ಇಂಗ್ಲಿಷ್ ಸ್ವರಗಳನ್ನು ಅಳೆದರು. ಗಂಡಸರ ಈಕಾರದ ಮೊದಲ ಅನುರಣನ ಸೆಕೆಂಡಿಗೆ ಸುಮಾರು ೨೭೦ ಕಂಪನ, ಎರಡನೆಯದು ೨೨೯೦. ಊಕಾರದವು ೩೦೦ ಮತ್ತು ೮೭೦. ಮೊದಲನೆಯವು ಹೆಚ್ಚುಕಡಮೆ ಒಂದೇ. ಎರಡನೆಯದೇ ಈಯನ್ನು ಊವಿನಿಂದ ಬೇರ್ಪಡಿಸುತ್ತದೆ. ಆದರೆ ಬೇರೆ ಬೇರೆ ಬಾಯಿಗಳಿಂದ ಬಂದ ಹತ್ತಿರದ ಸ್ವರಗಳ ಅಳತೆಗಳು ಒಂದರ ಮೇಲೊಂದು ಬೀಳುತ್ತವೆಂಬುದೂ ಅವರಿಗೆ ಕಂಡುಬಂತು. ಇದನ್ನೇ ಬಂಡವಾಳ ಮಾಡಿಕೊಂಡದ್ದು ೧೯೮೦ರ ದಶಕದ 'ಅಲೋ ಅಲೋ' ಎಂಬ ಹಾಸ್ಯಮಾಲೆ. ಅದರಲ್ಲಿ ಫ್ರೆಂಚ್ ಪೋಲೀಸಿನವನ ವೇಷ ತೊಟ್ಟ ಒಬ್ಬ ಇಂಗ್ಲಿಷ್ ಅಧಿಕಾರಿ, ತನ್ನ ಹರುಕು ಫ್ರೆಂಚಿನ ಸೂಚನೆಯಾಗಿ, ಸ್ವರಗಳನ್ನೆಲ್ಲ ಪಲ್ಲಟಗೊಳಿಸಿ 'ಗುಡ್ ಮೋನಿಂಗ್' ಎಂದು ಬೆಳಗಿನ ಶುಭಾಶಯವನ್ನು ನರಳಾಟವನ್ನಾಗಿ ಮಾಡುತ್ತಾನೆ.

ಕೇಳುವುದೆಂದರೆ ಕಿವಿಯೊಂದರ ಕೆಲಸವಲ್ಲ. ರಿಚರ್ಡ್ ವಾರೆನ್ ಎಂಬ ಮನಶ್ಶಾಸ್ತ್ರಜ್ಞರು ೧೯೭೦ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಧ್ವನಿಮುದ್ರಿತ ವಾಕ್ಯವೊಂದರಿಂದ ಒಂದು ಸಕಾರವನ್ನು ಕತ್ತರಿಸಿ ತೆಗೆದು ಅಲ್ಲಿ ಕೆಮ್ಮನ್ನು ತುಂಬಿದರು. ಕೇಳಿದ ೨೦ ಮಂದಿಯಲ್ಲಿ ೧೯ ಮಂದಿ ಯಾವ ಧ್ವನಿಯೂ ಬಿಟ್ಟುಹೋಗಿಲ್ಲವೆಂದರು. ಮೆದುಳೇ ಅದನ್ನು ಹೊಲಿದು ಸೇರಿಸಿತ್ತು. ಮೇಣದಬತ್ತಿಯ ಪ್ರಹಸನ ಬಂದ ೧೯೭೬ರಲ್ಲಿಯೇ ಮೆಗರ್ಕ್ ಮತ್ತು ಮೆಕ್‌ಡೊನಾಲ್ಡ್ ಎಂಬವರು 'ಗ' ಎನ್ನುವ ತುಟಿಗಳ ಚಿತ್ರಕ್ಕೆ 'ಬ' ಎಂಬ ಧ್ವನಿಯನ್ನು ಜೋಡಿಸಿ ತೋರಿಸಿದಾಗ ನೋಡಿದವರಿಗೆ ಕೇಳಿಸಿದ್ದು 'ದ'! ತಾಯಿನುಡಿಯಲ್ಲಿ ಈ ಹೊಲಿಗೆಯ ಕೆಲಸ ಸರಾಗವಾಗಿ ನಡೆಯುತ್ತದೆ. ಕಲಿತ ನುಡಿಯಲ್ಲಿ ಮೆದುಳಿನ ಬಳಿ ದಾರ ಸಾಕಷ್ಟು ಇರುವುದಿಲ್ಲ. ನಮ್ಮ ಹುಡುಗರ ತೊಡಕು ಇಲ್ಲಿದೆ, ಕಿವಿಯಲ್ಲಿಯೂ ಅಲ್ಲ, ಬುದ್ಧಿಯಲ್ಲಿಯೂ ಅಲ್ಲ.

ಆದುದರಿಂದಲೇ ಎಲ್ಲ ಹಾಸ್ಯವೂ ಒಂದೇ ಅಲ್ಲವೆಂದು ನನ್ನ ಅಭಿಪ್ರಾಯ. ೧೯೭೭ರಲ್ಲಿ ಬ್ರಿಟನ್ನಿನಲ್ಲಿ ಆರಂಭವಾದ 'ಮೈಂಡ್ ಯುವರ್ ಲ್ಯಾಂಗ್ವೇಜ್' ನಮ್ಮ ದೇಶದಲ್ಲಿಯೂ ಅನೇಕರಿಗೆ ಪ್ರಿಯವಾದುದು. ಇಂಗ್ಲಿಷ್ ಕಲಿಯಲು ಬಂದ ಭಾರತ, ಪಾಕಿಸ್ತಾನ, ಚೀನ, ಜಪಾನು ಮೊದಲಾದ ದೇಶಗಳ ವಯಸ್ಕರು ಪದಕ್ಕೆ ಪದವನ್ನು ಅದಲುಬದಲು ಮಾಡಿ ನಗೆಗೀಡಾಗುತ್ತಾರೆ. ನಾನೂ ನಕ್ಕಿದ್ದೇನೆ. ಆದರೆ ಅಲ್ಲಿ ನಗೆಯ ನೀರು ಹರಿಯುವುದು ಹೆಚ್ಚಾಗಿ ಒಂದೇ ದಿಕ್ಕಿಗೆ: ಬಲ್ಲವನಿಂದ ಬಾರದವನ ಕಡೆಗೆ. ೧೯೭೫ರ 'ಫಾಲ್ಟಿ ಟವರ್ಸ್' ಮಾಲೆಯ ಮೊದಲ ಭಾಗದಲ್ಲಿ ಹೋಟೆಲಿನ ಯಜಮಾನ, ಸ್ಪೇನಿನಿಂದ ಬಂದ ಮಾಣಿಗೆ, ಆ ತಟ್ಟೆಗಳ ಮೇಲೆ ಬೆಣ್ಣೆ ಹೆಚ್ಚಾಯಿತೆಂದು ಇಂಗ್ಲಿಷಿನಲ್ಲಿ ಹೇಳುತ್ತಾನೆ. 'ಆನ್ ದೋಸ್ ಟ್ರೇಸ್' ಎಂಬುದು ಮಾಣಿಗೆ 'ಉನೋ ದೋಸ್ ತ್ರೇಸ್', ಎಂದರೆ ತನ್ನ ನುಡಿಯ ಒಂದು ಎರಡು ಮೂರು ಎಂದು ಕೇಳಿಸುತ್ತದೆ. ಯಜಮಾನನ ಉಚ್ಚಾರವನ್ನು ಅವನು ವಿನಯದಿಂದ ತಿದ್ದುತ್ತಾನೆ! ಈ ಒಂದು ಗಳಿಗೆಯಲ್ಲಿ ಮಾಣಿಯೇ ಗುರು. ಮೇಣದಬತ್ತಿಯ ಅಂಗಡಿಯಲ್ಲಿಯಂತೂ ಇಬ್ಬರೂ ಇಂಗ್ಲಿಷರೇ. ಅವರ ನುಡಿ ಅವರಿಗೇ ಕೈಕೊಡುತ್ತದೆ.

ಪ್ರಹಸನದಲ್ಲಿ ನಗೆಯಾಗುವುದು ಹೊರಗೆ ಅನಾಹುತವಾಗಬಹುದು. ೧೯೭೭ರ ಮಾರ್ಚ್ ೨೭ರಂದು ಟೆನೆರೀಫ್ ದ್ವೀಪದಲ್ಲಿ ಎರಡು ವಿಮಾನಗಳು ನೆಲದ ಮೇಲೆಯೇ ಡಿಕ್ಕಿಯಾಗಿ ೫೮೩ ಮಂದಿ ಸತ್ತರು. ಮಂಜು ಮುಸುಕಿತ್ತು. ಒಂದು ವಿಮಾನದಿಂದ ಬಂದ ಮಾತನ್ನು, ಅದು ಹಾರಲು ಸಿದ್ಧವಾಗಿ ನಿಂತಿದೆಯೆಂದು ಗೋಪುರದವರು ತಿಳಿದರು. ವಾಸ್ತವವಾಗಿ ಅದು ಓಡತೊಡಗಿತ್ತು. ಕಾಯಿರಿ ಎಂಬ ಗೋಪುರದ ಆಜ್ಞೆಯು, ಅದೇ ಕ್ಷಣದಲ್ಲಿ ಇನ್ನೊಂದು ವಿಮಾನದವರು ಮಾತನಾಡಿದ್ದರಿಂದ, ರೇಡಿಯೋದ ಕಿರುಚಿನಲ್ಲಿ ಮುಚ್ಚಿಹೋಯಿತು. ಇದೊಂದೇ ಕಾರಣವಲ್ಲ, ಆದರೂ ಇದು ಮುಖ್ಯ ಕಾರಣಗಳಲ್ಲೊಂದು. ಆ ಬಳಿಕ ವಿಮಾನಯಾನದಲ್ಲಿ ಮಾತಿನ ಕಟ್ಟುಪಾಡುಗಳನ್ನು ಬಿಗಿಗೊಳಿಸಿದರು. ಅಕ್ಷರಗಳನ್ನು ಆಲ್ಫಾ, ಬ್ರಾವೋ, ಚಾರ್ಲಿ ಎಂದು ಪದಗಳಿಂದ ಗುರುತಿಸುವ ಪದ್ಧತಿ ೧೯೫೬ರಿಂದಲೇ ಜಾರಿಯಲ್ಲಿತ್ತು. ವಿಮಾನ ಚಾಲಕರು ಇಂಗ್ಲಿಷ್ ಬಾರದವರೆಂದು ಅದನ್ನು ರೂಪಿಸಲಿಲ್ಲ. ಶಬ್ದವನ್ನು ನಂಬಲಾಗದೆಂದು ರೂಪಿಸಿದರು. ಸಾಮಾನ್ಯ ದೂರವಾಣಿಯ ತಂತಿಯೂ ಸೆಕೆಂಡಿಗೆ ೩೦೦ರಿಂದ ೩೪೦೦ ಕಂಪನಗಳನ್ನಷ್ಟೆ ಸಾಗಿಸುತ್ತದೆ. ಸಕಾರದ ಬಲವೆಲ್ಲ ಅದಕ್ಕೂ ಮೇಲಿರುವುದರಿಂದ 'ಎಸ್' 'ಎಫ್' ಆಗಿ ಕೇಳಿಸುವುದನ್ನು ವಾಚಕರು ಅನುಭವಿಸಿರಬಹುದು.

ಪೈಲಟರಿಗೆ ಸಲ್ಲುವ ಈ ಮರ್ಯಾದೆ ನಮ್ಮ ವಿದ್ಯಾರ್ಥಿಗಳಿಗೇಕೆ ಸಲ್ಲಬಾರದು? ಅಳತೆಯನ್ನು ಓದಿ ಹೇಳುವಾಗ 'ಫಿಫ್ಟೀನ್', 'ಫಿಫ್ಟಿ' ಎನ್ನದೆ ಒಂದು ಐದು, ಐದು ಸೊನ್ನೆ ಎಂದು ಹೇಳುವ ಪದ್ಧತಿಯನ್ನು ನಾನು ಈಗ ತಂದಿದ್ದೇನೆ. ಒಂದೇ ಉಚ್ಚಾರದ ಪದ ಬಂದಾಗ ಕರಿಹಲಗೆಯ ಮೇಲೆ ಬರೆದು, ಕನ್ನಡದ ಮಾತನ್ನೂ ಪಕ್ಕದಲ್ಲಿ ಬರೆಯುತ್ತೇನೆ. ಇದರಿಂದ ಪಾಠದ ಘನತೆ ಕುಗ್ಗಿತೆಂದು ನನಗನಿಸಿಲ್ಲ.

ಪರೀಕ್ಷೆಯ ವಿಚಾರದಲ್ಲಿ ಮಾತ್ರ ನನಗೂ ನನ್ನ ಸಹೋದ್ಯೋಗಿಯೊಬ್ಬರಿಗೂ ಇನ್ನೂ ಒಮ್ಮತವಾಗಿಲ್ಲ. ನಿಂತ ಅಲೆಗಳಿಗೆ ಇಂಗ್ಲಿಷಿನಲ್ಲಿ 'ಸ್ಟೇಷನರಿ' ಅಲೆಗಳೆನ್ನುವರು. ಕಾಗದ ಲೇಖನಿಗಳ ಅಂಗಡಿಗೂ ಅದೇ ಉಚ್ಚಾರ, ಒಂದೇ ಒಂದು ಅಕ್ಷರ ವ್ಯತ್ಯಾಸ. ಆ ಅಕ್ಷರ ತಪ್ಪಿದರೆ ಅವರು ಅರ್ಧ ಅಂಕವನ್ನು ಕಳೆಯುತ್ತಾರೆ. ಅಲೆಯ ಗಂಟುಗಳನ್ನೂ ಉಬ್ಬುಗಳನ್ನೂ ಸರಿಯಾಗಿ ಚಿತ್ರಿಸಿ, ಸೂತ್ರವನ್ನು ಸರಿಯಾಗಿ ಸಾಧಿಸಿದ ಹುಡುಗಿಯ ಉತ್ತರದಲ್ಲಿ ಆ ಪದಕ್ಕೆ ಕೆಂಪು ಗೆರೆ ಎಳೆದಿದ್ದುದನ್ನು ನಾನು ನೋಡಿದೆ. ಭೌತಶಾಸ್ತ್ರದ ಪತ್ರಿಕೆಯಲ್ಲಿ ಪರೀಕ್ಷಿಸಬೇಕಾದುದು ಅಲೆಯನ್ನೇ ಹೊರತು ಕಾಗುಣಿತವನ್ನಲ್ಲ ಎಂದು ನನ್ನ ವಾದ. ಇಂದು ಒಂದಕ್ಷರ ಬಿಟ್ಟರೆ ನಾಳೆ ಎಲ್ಲವನ್ನೂ ಬಿಡಬೇಕಾದೀತೆಂದು ಅವರ ವಾದ. ವೇಗಕ್ಕೂ ವೇಗೋತ್ಕರ್ಷಕ್ಕೂ ವ್ಯತ್ಯಾಸ ತಿಳಿಯದವನಿಗೆ ನಾನೂ ಅಂಕ ಕೊಡುವುದಿಲ್ಲ. ಅದು ಅರ್ಥದ ತಪ್ಪು; ಇದು ಹಾಗಲ್ಲ.

ತುಂಡಾದ ತಂತಿಗೆ ನಮ್ಮಲ್ಲಿ ಬ್ರೇಕೇಜ್ ರಿಜಿಸ್ಟರಿನಲ್ಲಿ ವಿದ್ಯಾರ್ಥಿಯ ಹೆಸರು ಬರೆದು ದಂಡ ವಸೂಲು ಮಾಡುವ ರೂಢಿಯಿದೆ. ಆ ಹುಡುಗನ ಹೆಸರನ್ನು ಬರೆದಾಗಿತ್ತು. ಅದನ್ನು ಹೊಡೆದುಹಾಕಿ ನನ್ನ ಹೆಸರನ್ನು ಬರೆದೆ. ಕಾರಣದ ಅಂಕಣದಲ್ಲಿ ಏನು ಬರೆಯಬೇಕೆಂದು ಅಟೆಂಡರು ಕೇಳಿದಾಗ ಸ್ವಲ್ಪ ಯೋಚಿಸಬೇಕಾಯಿತು.