ಓದಿದ ವಾಕ್ಯ, ಕೊಡದ ಕೂಲಿ

ಹೊಸ ವರ್ಷದ ಆರಾಧನೆ ಮುಗಿದ ಮೇಲೆ ನಮ್ಮ ಅನೇಕ ಸಭೆಗಳಲ್ಲಿ ವಾಗ್ದಾನದ ಚೀಟಿ ಹಂಚುವ ರೂಢಿ ಇದೆ. ಸತ್ಯವೇದದ ಒಂದು ವಾಕ್ಯ ಅಚ್ಚಾದ ಆ ಚೀಟಿಯನ್ನು, ದೇವರು ಈ ವರ್ಷಕ್ಕೆಂದು ತಮಗೇ ಕೊಟ್ಟ ಮಾತೆಂದು ಜನ ಮನೆಗೆ ಒಯ್ಯುತ್ತಾರೆ. ಅದರಲ್ಲಿ ಸಾಮಾನ್ಯವಾಗಿ ಇರುವುದು ಆಶೀರ್ವಾದ, ಕಾಪು, ಸಮೃದ್ಧಿಯ ಮಾತು. ಈಗ ಇಂಥ ವಾಕ್ಯಗಳು ದಿನಕ್ಕೊಂದರಂತೆ ವಾಟ್ಸಾಪಿಗೂ ಬರುತ್ತವೆ. ಜೊತೆಗೆ ಒಂದು ಬೋಧನೆಯೂ ಬೇರೂರಿದೆ: ಮನಸ್ಸನ್ನು ವಾಕ್ಯದಿಂದ ತುಂಬಿಕೊಳ್ಳಿ, ಯೋಚನೆ ಶುದ್ಧವಾದರೆ ಮಾತು ಶುದ್ಧವಾಗುತ್ತದೆ, ಮಾತು ಶುದ್ಧವಾದರೆ ನಡತೆ ತಾನೇ ನೇರವಾಗುತ್ತದೆ. ಕೇಳಲು ಹಿತವಾದ ಈ ಭರವಸೆಯನ್ನು ನಾನು ಒಪ್ಪುವುದಿಲ್ಲ. ಸತ್ಯವೇದವೂ ಒಪ್ಪುವುದಿಲ್ಲ. ವಾಕ್ಯ ನಮ್ಮ ದಿನವನ್ನು ನಡೆಸಬೇಕಾದರೆ ಮೊದಲು ಅದು ಕೈಕಾಲಿಗೆ ಇಳಿಯಬೇಕು, ನಾಲಿಗೆಯನ್ನು ತಡೆಯಬೇಕು. ಮನಸ್ಸು ತಿದ್ದಿಕೊಳ್ಳುವುದು ಅನೇಕ ಸಲ ಆಮೇಲಿನ ಮಾತು.

ಯಾಜಕಕಾಂಡದ 19ನೇ ಅಧ್ಯಾಯವನ್ನೇ ತೆಗೆದುಕೊಳ್ಳಿ. ನೆರೆಯವರನ್ನು ತನ್ನಷ್ಟೇ ಪ್ರೀತಿಸಬೇಕೆಂಬ ಆಜ್ಞೆ, ಯೇಸು ಮುಂದೆ ಎರಡು ಮಹಾ ಆಜ್ಞೆಗಳಲ್ಲಿ ಒಂದೆಂದು ಎತ್ತಿಹಿಡಿದ ಆಜ್ಞೆ, ಇರುವುದು ಅಲ್ಲಿ. ಅದರ ಅಕ್ಕಪಕ್ಕದಲ್ಲಿ ಏನಿದೆ? ಹೊಲ ಕೊಯ್ಯುವಾಗ ಅಂಚಿನ ಪೈರನ್ನು ಬಡವರಿಗೂ ಪರದೇಶದವರಿಗೂ ಬಿಡಬೇಕು. ಕೂಲಿಯವನ ಕೂಲಿಯನ್ನು ಬೆಳಗಾಗುವ ತನಕ ಇಟ್ಟುಕೊಳ್ಳಬಾರದು. ಕಿವಿ ಕೇಳದವರನ್ನು ಶಪಿಸಬಾರದು, ಕಣ್ಣು ಕಾಣದವರ ದಾರಿಗೆ ಅಡ್ಡಿ ಇಡಬಾರದು. ಚಾಡಿ ಹೇಳುತ್ತ ತಿರುಗಬಾರದು. ತಕ್ಕಡಿ, ತೂಕ, ಅಳತೆ ಸರಿಯಾಗಿರಬೇಕು. ಪ್ರೀತಿಯನ್ನು ಸತ್ಯವೇದ ಇಟ್ಟಿರುವುದು ಕೊಯ್ಲು, ಕೂಲಿ, ತಕ್ಕಡಿಗಳ ನಡುವೆ. ಮೊದಲು ಎದೆಯಲ್ಲಿ ಪ್ರೀತಿ ಹುಟ್ಟಲಿ, ಆಮೇಲೆ ತೂಕ ಸರಿಮಾಡುವೆಯಂತೆ ಎಂದು ಅದು ಯಾರಿಗೂ ಹೇಳುವುದಿಲ್ಲ. ತೂಕ ಸರಿಯಿರಲಿ, ಕೂಲಿ ಸಲ್ಲಲಿ. ಪ್ರೀತಿಯ ಮಾತು ಅಲ್ಲಿಂದ ಶುರು.

ಕೂಲಿಯ ವಿಷಯದಲ್ಲಿ ಧರ್ಮೋಪದೇಶಕಾಂಡ ಇನ್ನೂ ಬಿಗಿ. ಸೂರ್ಯ ಮುಳುಗುವ ಮುಂಚೆ ಕೂಲಿ ಕೈಸೇರಬೇಕು, ಯಾಕೆಂದರೆ ಕೂಲಿಯವನು ಬಡವ, ಅವನ ಜೀವ ಅದರ ಮೇಲೇ ನಿಂತಿದೆ. ಕೂಲಿಯವನು ಸ್ವಂತ ಜನದವನೋ ಬೇರೆ ನಾಡಿನಿಂದ ಬಂದವನೋ ಎಂಬ ಭೇದ ಅಲ್ಲಿಲ್ಲ. ಶತಮಾನಗಳ ನಂತರ ಯಾಕೋಬ ತನ್ನ ಪತ್ರಿಕೆಯಲ್ಲಿ, ಹಿಡಿದಿಟ್ಟ ಕೂಲಿಯೇ ಕೂಗುತ್ತದೆ, ಆ ಕೂಗು ದೇವರ ಕಿವಿ ಮುಟ್ಟಿದೆ ಎಂದು ಸಿರಿವಂತರನ್ನು ಎಚ್ಚರಿಸುತ್ತಾನೆ. ಬೆಂಗಳೂರಿನಲ್ಲಿ ಕಟ್ಟಡ ಏರಿಸುವವರಲ್ಲಿ ಎಷ್ಟೋ ಮಂದಿ ಒಡಿಶಾ, ಬಿಹಾರ, ಬಂಗಾಳ, ನಮ್ಮದೇ ರಾಯಚೂರು ಯಾದಗಿರಿಗಳ ಕಡೆಯಿಂದ ಬಂದವರು. ಮನೆಗೆಲಸದಾಕೆಗೆ ಎರಡು ದಿನ ಜ್ವರ ಬಂದರೆ ಸಂಬಳ ಕಡಿಯುವ ಮನೆಗಳು, ಬಟವಾಡೆಯನ್ನು ವಾರದಿಂದ ವಾರಕ್ಕೆ ತಳ್ಳುವ ಮೇಸ್ತ್ರಿಗಳು, ಅವರ ಹಿಂದಿರುವ ಮಾಲೀಕರು ಎಲ್ಲ ಧರ್ಮಗಳಲ್ಲೂ ಇದ್ದಾರೆ. ನಮ್ಮ ಸಭೆಯ ಬೆಂಚುಗಳ ಮೇಲೂ ಇದ್ದಾರೆ. ಅಂಥ ಮನೆಯಲ್ಲಿ ಬೆಳಗ್ಗೆ ಎಷ್ಟು ಅಧ್ಯಾಯ ಓದಿದರು ಎಂಬ ಲೆಕ್ಕ ಯಾರ ಹಸಿವನ್ನೂ ಮುಟ್ಟುವುದಿಲ್ಲ. ಎರಡು ಸಾವಿರ ವರ್ಷದ ಹಳೇ ಪುಸ್ತಕಕ್ಕೆ ಇಂದಿನ ಬದುಕೇನು ಗೊತ್ತು ಎನ್ನುವವರು, ಕೊಡದೆ ಉಳಿಸಿಕೊಂಡ ಕೂಲಿಯೂ ಅಷ್ಟೇ ಹಳೆಯದೆಂಬುದನ್ನು ಮರೆಯುತ್ತಾರೆ.

ಮನಸ್ಸು ತುಂಬಿದರೆ ನಡತೆ ಹಿಂಬಾಲಿಸುತ್ತದೆ ಎಂಬ ನಂಬಿಕೆಗೆ ಜಾನ್ ನ್ಯೂಟನ್‌ನ ಬದುಕು ಕಠಿಣವಾದ ಉತ್ತರ. 'ಅಮೇಜಿಂಗ್ ಗ್ರೇಸ್' ಎಂಬ ಜಗತ್ಪ್ರಸಿದ್ಧ ಭಕ್ತಿಗೀತೆಯನ್ನು ಬರೆದವನು ಆತ. 1748ರಲ್ಲಿ ಅಟ್ಲಾಂಟಿಕ್ ಸಾಗರದ ಬಿರುಗಾಳಿಗೆ ಸಿಕ್ಕ ಹಡಗಿನಲ್ಲಿ ದೇವರನ್ನು ಕೂಗಿ ಬದುಕುಳಿದ. ಆ ದಿನವನ್ನು ತನ್ನ ಮಾನಸಾಂತರದ ದಿನವೆಂದು ಸಾಯುವವರೆಗೂ ನೆನೆದ. ಈ ಕತೆಯನ್ನು ಹೇಳುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಮಾನಸಾಂತರದ ನಂತರವೇ, 1750ರಿಂದ 1754ರ ನಡುವೆ, ನ್ಯೂಟನ್ ಗುಲಾಮರ ಹಡಗುಗಳ ಕಪ್ತಾನನಾಗಿ ಮೂರು ಸಲ ಆಫ್ರಿಕಾಕ್ಕೆ ಹೋದ. ಗಂಡಸರು, ಹೆಂಗಸರು, ಮಕ್ಕಳನ್ನು ಕೊಂಡು, ಸಂಕೋಲೆ ತೊಡಿಸಿ, ವೆಸ್ಟ್ ಇಂಡೀಸಿಗೆ ಸಾಗಿಸಿದ. ಅದೇ ಹಡಗಿನಲ್ಲಿ ಭಾನುವಾರ ನಾವಿಕರನ್ನು ಸೇರಿಸಿ ಪ್ರಾರ್ಥನೆ ನಡೆಸಿದ, ಸತ್ಯವೇದ ಓದಿದ. ಆತ ಕಪಟಿಯಾಗಿರಲಿಲ್ಲ. ಓದಿನಲ್ಲೂ ಪ್ರಾರ್ಥನೆಯಲ್ಲೂ ಶ್ರದ್ಧೆಯಿತ್ತು. ಮನಸ್ಸು ವಾಕ್ಯದಿಂದ ತುಂಬಿತ್ತು. ಕೆಳಗಿನ ಅಂತಸ್ತಿನಲ್ಲಿ ಮನುಷ್ಯರು ಸಂಕೋಲೆಯಲ್ಲಿದ್ದರು.

ಆತ ಓದುತ್ತಿದ್ದ ಪುಸ್ತಕ ಈ ವಿಷಯದಲ್ಲಿ ಮೌನವಾಗಿರಲಿಲ್ಲ ಎಂಬುದನ್ನು ಗಮನಿಸಬೇಕು. ಮನುಷ್ಯನನ್ನು ಕದ್ದು ಮಾರುವವನಿಗೆ ಮರಣದಂಡನೆ ಎಂದು ವಿಮೋಚನಕಾಂಡದ 21ನೇ ಅಧ್ಯಾಯ ವಿಧಿಸುತ್ತದೆ. ತಿಮೊಥೆಯನಿಗೆ ಬರೆದ ಮೊದಲ ಪತ್ರಿಕೆಯ ಮೊದಲ ಅಧ್ಯಾಯ ಮನುಷ್ಯಚೋರರನ್ನು ಕೊಲೆಗಾರರ ಸಾಲಿನಲ್ಲಿ ನಿಲ್ಲಿಸುತ್ತದೆ. ನ್ಯೂಟನ್‌ನ ಕಣ್ಣು ಈ ಸಾಲುಗಳ ಮೇಲೆ ಹಾದುಹೋಗದೆ ಇರಲು ಸಾಧ್ಯವೇ ಇಲ್ಲ. ಆದರೂ 1754ರಲ್ಲಿ ಆತ ಹಡಗು ಬಿಟ್ಟದ್ದು ಕಾಯಿಲೆಯಿಂದ, ಮನಸ್ಸಾಕ್ಷಿಯ ಕುಟುಕಿನಿಂದಲ್ಲ. 1764ರಲ್ಲಿ ಪಾದ್ರಿಯಾದ, ಗೀತೆಗಳನ್ನು ಬರೆದ, ನೂರಾರು ಜನಕ್ಕೆ ಬೋಧಿಸಿದ. ಗುಲಾಮ ವ್ಯಾಪಾರದ ವಿರುದ್ಧ ತನ್ನ ಕಿರುಹೊತ್ತಗೆಯನ್ನು ಪ್ರಕಟಿಸಿದ್ದು 1788ರಲ್ಲಿ. ಬಿರುಗಾಳಿಯ ಆ ದಿನದಿಂದ ಅಲ್ಲಿಗೆ ನಲವತ್ತು ವರ್ಷ. ಆ ಹೊತ್ತಗೆಯಲ್ಲಿ ಆತ ತನ್ನ ಪಾಪವನ್ನು ಮುಚ್ಚಿಡಲಿಲ್ಲ. ಕಂಡದ್ದನ್ನೂ ಮಾಡಿದ್ದನ್ನೂ ಬರೆದ, ಸರ್ಕಾರದ ವಿಚಾರಣೆಯಲ್ಲಿ ಸಾಕ್ಷ್ಯ ನುಡಿದ. ಸತ್ಯವೇದ ಆತನನ್ನು ನಿಜವಾಗಿ ನಡೆಸಿದ್ದು ಆಗ. 1807ರ ಮಾರ್ಚಿನಲ್ಲಿ ಬ್ರಿಟಿಷ್ ಸಂಸತ್ತಿನ ಕಾನೂನು ಆ ವ್ಯಾಪಾರವನ್ನು ನಿಲ್ಲಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ನ್ಯೂಟನ್ ತೀರಿಕೊಂಡ.

ಅದೇ 1807ರಲ್ಲಿ ಲಂಡನ್ನಿನಲ್ಲಿ ಇನ್ನೊಂದು ಪುಸ್ತಕ ಅಚ್ಚಾಯಿತು. ವೆಸ್ಟ್ ಇಂಡೀಸಿನ ಗುಲಾಮರಿಗೆಂದು ಆಯ್ದ ಸತ್ಯವೇದ ಅದು. ಇಸ್ರಾಯೇಲರು ಐಗುಪ್ತದ ದಾಸ್ಯದಿಂದ ಬಿಡುಗಡೆಯಾದ ಕತೆ ಅದರಲ್ಲಿ ಇಲ್ಲ. ಕ್ರಿಸ್ತನಲ್ಲಿ ದಾಸನೆಂದೂ ಸ್ವತಂತ್ರನೆಂದೂ ಭೇದವಿಲ್ಲ ಎಂಬ ಪೌಲನ ಮಾತು ಇಲ್ಲ. ಆದರೆ ದಾಸರು ಯಜಮಾನರಿಗೆ ವಿಧೇಯರಾಗಿರಬೇಕೆಂಬ ಮಾತು ಉಳಿದಿದೆ. ಕತ್ತರಿ ಹಿಡಿದವರಿಗೆ ಗೊತ್ತಿತ್ತು, ಯಾವ ಪುಟ ಅಪಾಯಕಾರಿ ಎಂದು. ನಮಗೆ ಬೇಕಾದ ವಾಕ್ಯಗಳನ್ನಷ್ಟೇ ಆರಿಸಿ ಓದುವಾಗ ನಾವು ಕತ್ತರಿಯನ್ನು ಕೈಯಲ್ಲಿ ಹಿಡಿಯುವುದಿಲ್ಲ, ಅಷ್ಟೇ ವ್ಯತ್ಯಾಸ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ, ಅದನ್ನು ನಾನು ಗೌರವದಿಂದ ಕೇಳಿಸಿಕೊಳ್ಳುತ್ತೇನೆ. ನಲವತ್ತು ವರ್ಷ ಓದಿದವನನ್ನೂ ತಡಮಾಡಿ ಮುಟ್ಟುವ, ಗುಲಾಮರ ಯಜಮಾನರಿಗೂ ಆಯುಧವಾಗುವ ಗ್ರಂಥವನ್ನು ದಿನದ ಬದುಕಿಗೆ ದಾರಿದೀಪವೆಂದು ಯಾಕೆ ನಂಬಬೇಕು? ಯಾವ ಧರ್ಮಗ್ರಂಥವನ್ನೂ ಮುಟ್ಟದೆ ನೆಟ್ಟಗೆ ಬದುಕುವವರು ನಮ್ಮ ನಡುವೆಯೇ ಇಲ್ಲವೇ? ಖಂಡಿತ ಇದ್ದಾರೆ. ಯೇಸುವೇ ಒಳ್ಳೆಯ ನೆರೆಯವನ ಮಾದರಿಯಾಗಿ ತೋರಿಸಿದ್ದು ಯಾಜಕನನ್ನೂ ಅಲ್ಲ, ಲೇವಿಯನನ್ನೂ ಅಲ್ಲ, ಯೆಹೂದ್ಯರು ದೂರ ಇಟ್ಟಿದ್ದ ಸಮಾರ್ಯದವನನ್ನು. ನುಡಿಗೂ ನಡೆಗೂ ನಡುವಿನ ಬಿರುಕನ್ನು 12ನೇ ಶತಮಾನದ ಶರಣರು ಎಷ್ಟು ನಿಷ್ಠುರವಾಗಿ ಪ್ರಶ್ನಿಸಿದರೆಂದು ಕನ್ನಡಿಗರಿಗೆ ನೆನಪಿಸಬೇಕಿಲ್ಲ. ಒಳ್ಳೆಯತನ ಕ್ರೈಸ್ತರ ಗುತ್ತಿಗೆಯಲ್ಲ.

ನಾನು ಹೇಳುವುದು ಇಷ್ಟು: ಸತ್ಯವೇದ ತನ್ನ ಓದುಗರ ಮೇಲೇ ದೂರು ಹೊರಿಸುವ ಗ್ರಂಥ. ಅಮೆರಿಕದಲ್ಲಿ ಗುಲಾಮನಾಗಿ ಹುಟ್ಟಿ ಓಡಿಹೋಗಿ ಸ್ವತಂತ್ರನಾದ ಫ್ರೆಡರಿಕ್ ಡಗ್ಲಾಸ್ 1845ರ ತನ್ನ ಆತ್ಮಕಥೆಯಲ್ಲಿ ಒಬ್ಬ ಯಜಮಾನನ ವಿಷಯ ಬರೆದಿದ್ದಾನೆ. 1832ರಲ್ಲಿ ಮೆಥೊಡಿಸ್ಟರ ಕೂಟವೊಂದರಲ್ಲಿ ಮಾನಸಾಂತರ ಹೊಂದಿದ ಆತ ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಪ್ರಾರ್ಥಿಸುತ್ತಿದ್ದ. ಆಮೇಲೆ ಇನ್ನಷ್ಟು ಕ್ರೂರಿಯಾದ. ಅಂಗವಿಕಲ ಹೆಣ್ಣುಮಗಳನ್ನು ಕಟ್ಟಿ ಚಾವಟಿಯಿಂದ ಹೊಡೆದು, ಅದಕ್ಕೆ ವಾಕ್ಯದ ಆಧಾರ ಹೇಳುತ್ತಿದ್ದ. ಇದನ್ನೆಲ್ಲ ಕಂಡ ಡಗ್ಲಾಸ್ ಕ್ರಿಸ್ತನನ್ನು ತಳ್ಳಿಹಾಕಲಿಲ್ಲ. ಕ್ರಿಸ್ತನ ಧರ್ಮಕ್ಕೂ ಗುಲಾಮರ ಒಡೆಯರ ಧರ್ಮಕ್ಕೂ ನಡುವೆ ಇರುವ ಅಂತರವನ್ನು ಪುಸ್ತಕದ ಕೊನೆಗೆ ಬಿಡಿಸಿ ಬರೆದ, ಯಜಮಾನರ ವಿರುದ್ಧ ಅವರದೇ ಗ್ರಂಥವನ್ನು ಸಾಕ್ಷಿಗೆ ಕರೆದ. ಆ ಗ್ರಂಥದೊಳಗೂ ಹೀಗೆಯೇ: ದಾವೀದ ಅರಸನು ಊರೀಯನ ಹೆಂಡತಿಯನ್ನು ತನ್ನವಳಾಗಿ ಮಾಡಿಕೊಂಡು ಊರೀಯನನ್ನು ಕೊಲ್ಲಿಸಿದಾಗ ನಾತಾನ ಪ್ರವಾದಿ ಎದುರು ನಿಂತು, ಅಪರಾಧಿ ನೀನೇ ಎಂದ. ಅರಸನಿಗೆ ಹಾಗೆ ಹೇಳಿದ್ದನ್ನು ಅಳಿಸದೆ ಉಳಿಸಿಕೊಂಡ ಗ್ರಂಥ ನಮ್ಮ ಕೈಯಲ್ಲಿದೆ. ಅದನ್ನು ತೆರೆದಾಗಲೆಲ್ಲ ದಾವೀದನ ಜಾಗದಲ್ಲಿ ಕೂರಲು ನಾವು ಸಿದ್ಧರಿರಬೇಕು. ನಾತಾನನ ಜಾಗದಲ್ಲಿ ಕೂತು ನೆರೆಮನೆಯವರನ್ನು ಬೆರಳು ಮಾಡಿ ತೋರಿಸಲು ಓದುವುದಾದರೆ ಓದದಿರುವುದೇ ಮೇಲು.

ಇನ್ನೊಂದು ಆಕ್ಷೇಪ ಸಭೆಯ ಒಳಗಿನಿಂದಲೇ ಬರುತ್ತದೆ. ರಕ್ಷಣೆ ಕೃಪೆಯಿಂದ, ಕ್ರಿಯೆಗಳಿಂದಲ್ಲ. ನೀವು ಕೂಲಿ, ತಕ್ಕಡಿ ಎನ್ನುತ್ತ ಸುವಾರ್ತೆಯನ್ನು ಮತ್ತೆ ಧರ್ಮಶಾಸ್ತ್ರಕ್ಕೆ ಇಳಿಸುತ್ತಿದ್ದೀರಿ ಎಂದು. ಇದು ಹಗುರವಾದ ಮಾತಲ್ಲ. ಇದೇ ಕಾರಣಕ್ಕೆ ಮಾರ್ಟಿನ್ ಲೂಥರ್ 1522ರ ತನ್ನ ಜರ್ಮನ್ ಹೊಸ ಒಡಂಬಡಿಕೆಯ ಮುನ್ನುಡಿಯಲ್ಲಿ, ಕ್ರಿಯೆಗಳಿಗೆ ಒತ್ತು ಕೊಡುವ ಯಾಕೋಬನ ಪತ್ರಿಕೆಯನ್ನು ಒಣಹುಲ್ಲಿಗೆ ಹೋಲಿಸಿದ. ಒಳ್ಳೆಯ ಕೆಲಸಗಳನ್ನು ದೇವರ ಬಳಿ ಮುಯ್ಯಿಗೆ ಇಡುವ ಅಹಂಕಾರವನ್ನು ಲೂಥರ್ ಮುರಿದದ್ದು ಸರಿ. ಆದರೆ ರೋಮಾಪುರದವರಿಗೆ ಬರೆದ ಪತ್ರಿಕೆಗೆ ಅದೇ ಲೂಥರ್ ಬರೆದ ಮುನ್ನುಡಿಯಲ್ಲಿ, ನಿಜವಾದ ನಂಬಿಕೆ ಜೀವಂತವಾದದ್ದು, ಒಳ್ಳೆಯದನ್ನು ಮಾಡದೆ ಇರಲಾರದು ಎಂಬ ಅರ್ಥದ ಮಾತೂ ಇದೆ. ಲೂಕನ ಸುವಾರ್ತೆಯಲ್ಲಿ ಯೇಸು ಕರೆಯದೆಯೇ ಬಂದು ಸುಂಕದವನಾದ ಜಕ್ಕಾಯನ ಮನೆಯಲ್ಲಿ ಇಳಿದುಕೊಂಡ. ಅದು ಕೃಪೆ. ಜಕ್ಕಾಯ ಎದ್ದು ನಿಂತು ಆಸ್ತಿಯ ಅರ್ಧ ಬಡವರಿಗೆ, ಮೋಸದಿಂದ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸು ಎಂದ. ರಕ್ಷಣೆ ಈ ಮನೆಗೆ ಬಂತೆಂದು ಯೇಸು ಹೇಳಿದ್ದು ಆ ಲೆಕ್ಕ ಕೇಳಿದ ಮೇಲೆ.

ಪರ್ವತಪ್ರಸಂಗ ಮನಸ್ಸಿನ ಒಳಗೇ ಕೈಹಾಕುತ್ತದಲ್ಲ, ಕೊಲೆಯ ಬದಲು ಕೋಪವನ್ನೇ ಹಿಡಿಯುತ್ತದಲ್ಲ ಎಂದು ಕೇಳಬಹುದು. ಹೌದು. ಆದರೆ ಕೋಪಕ್ಕೆ ಅಲ್ಲಿ ಕೊಟ್ಟ ಮದ್ದು ಧ್ಯಾನವಲ್ಲ. ಯಜ್ಞವೇದಿಯ ಮುಂದೆ ನಿಂತಾಗ ಸಹೋದರನಿಗೆ ನಿನ್ನ ಮೇಲೆ ಏನೋ ಇದೆಯೆಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗಿ ರಾಜಿಯಾಗಿ ಬಾ ಎಂದು ಯೇಸು ಹೇಳುತ್ತಾನೆ. ಕೋಪ ಇಳಿಯುವವರೆಗೆ ಕಾಯುವ ಮಾತಿಲ್ಲ. ಎದ್ದು ಹೋಗಬೇಕು.

ಸರಿಯಾದ ತಿಳಿವು ತಾನೇ ನಡತೆಯಾಗುವುದಿಲ್ಲ ಎಂಬುದಕ್ಕೆ ಯೇಸುವಿನ ಶಿಷ್ಯ ಪೇತ್ರನೇ ಸಾಕ್ಷಿ. ಯೊಪ್ಪದಲ್ಲಿ ದರ್ಶನ ಕಂಡವನು ಆತ, ಯಾವ ಮನುಷ್ಯನನ್ನೂ ಮೈಲಿಗೆ ಎನ್ನಬಾರದೆಂದು ದೇವರಿಂದಲೇ ಕಲಿತವನು. ಆದರೂ ಅಂತಿಯೋಕ್ಯದಲ್ಲಿ ಅನ್ಯಜನರೊಂದಿಗೆ ಊಟಕ್ಕೆ ಕೂರುತ್ತಿದ್ದವನು, ಯೆರೂಸಲೇಮಿನಿಂದ ಕೆಲವರು ಬಂದೊಡನೆ ಹೆದರಿ ಪಂಕ್ತಿಯಿಂದ ಎದ್ದುಹೋದ. ಪೌಲ ಎಲ್ಲರೆದುರು ಆತನನ್ನು ತರಾಟೆಗೆ ತೆಗೆದುಕೊಂಡ. ಗಲಾತ್ಯದವರಿಗೆ ಬರೆದ ಪತ್ರಿಕೆಯ ಎರಡನೇ ಅಧ್ಯಾಯದಲ್ಲಿರುವ ಈ ಜಗಳವನ್ನು ನಮ್ಮ ದೇಶದ ಕ್ರೈಸ್ತರು ತಮ್ಮ ಬಗ್ಗೆಯೇ ಬರೆದದ್ದೆಂದು ಓದಬೇಕು. ಒಂದೇ ರೊಟ್ಟಿ, ಒಂದೇ ಪಾತ್ರೆಯ ಸಂಸ್ಕಾರ ಆಚರಿಸಿ ಹೊರಬಂದು, ಮದುವೆಯ ಮಾತು ಬಂದಾಗ ಜಾತಿ ಕೇಳುತ್ತೇವೆ. ಕ್ರೈಸ್ತ ವಧೂವರರ ಜಾಹೀರಾತುಗಳಲ್ಲಿ ಇಂದಿಗೂ ಜಾತಿಯ ಹೆಸರಿದೆ. ತಮಿಳುನಾಡಿನಲ್ಲಿ ಸತ್ತ ದಲಿತ ಕ್ರೈಸ್ತರಿಗೆ ಬೇರೆ ಸ್ಮಶಾನ ಮಾಡಿದ ಊರುಗಳಿವೆ. ಇದು ಬರೀ ಲೋಕರೂಢಿ ಅಲ್ಲ, ಸುವಾರ್ತೆಯ ನಿರಾಕರಣೆ. ಎಷ್ಟು ವಾಕ್ಯ ಬಾಯಿಪಾಠ ಬಂದರೂ ಈ ಪಂಕ್ತಿಭೇದ ಒಡೆಯುವುದು ಜೊತೆಗೆ ಕೂತು ಉಣ್ಣುವುದರಿಂದ, ಹೆಣ್ಣು ಕೊಟ್ಟು ತರುವುದರಿಂದ.

ನಾಲಿಗೆಯ ಮಾತಿಗೆ ಬರೋಣ. ಸತ್ಯವೇದ ಮಾತಿನ ಬಗ್ಗೆ ಕೊಡುವ ಬುದ್ಧಿ ಮೃದುವಾಗಿ ಮಾತಾಡು ಎಂಬಲ್ಲಿಗೆ ಮುಗಿಯುವುದಿಲ್ಲ, ಅದರಲ್ಲಿ ಕ್ರಮವೇ ಇದೆ. ಒಬ್ಬನೇ ಸಾಕ್ಷಿಯ ಮಾತಿನ ಮೇಲೆ ಯಾರನ್ನೂ ಅಪರಾಧಿ ಎನ್ನಬಾರದು, ಇಬ್ಬರು ಮೂವರು ಬೇಕು ಎಂದು ಧರ್ಮೋಪದೇಶಕಾಂಡ ಹೇಳುತ್ತದೆ. ನಿನಗೆ ತಪ್ಪು ಮಾಡಿದ ಸಹೋದರನೊಡನೆ ಮೊದಲು ಇಬ್ಬರೇ ಇದ್ದಾಗ ಮಾತಾಡು, ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು, ಆಗಲೂ ಕೇಳದಿದ್ದರೆ ಸಭೆಗೆ ತಿಳಿಸು ಎನ್ನುತ್ತದೆ ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯ. ನಾವು ಈ ಕ್ರಮವನ್ನು ತಲೆಕೆಳಗು ಮಾಡಿದ್ದೇವೆ. ಮೊದಲು ಗುಂಪಿಗೆಲ್ಲ ಸಾರುತ್ತೇವೆ, ಆ ಮನುಷ್ಯನ ಕಿವಿಗೆ ಅದು ಬೀಳುವುದು ಕೊನೆಗೆ. ಫಾರ್ವರ್ಡ್ ಆಗಿ ಬರುವ ಆರೋಪಕ್ಕೆ ಒಬ್ಬ ಸಾಕ್ಷಿಯೂ ಇರುವುದಿಲ್ಲ. ಇನ್ನೊಂದು ಸಮುದಾಯದ ಮೇಲೆ ಅಂಥ ಆರೋಪ ಬಂದಾಗ ಬೆರಳು ತಡೆಯುವುದು, ಇನ್ನೊಬ್ಬರ ಮೇಲೆ ಸುಳ್ಳುಸಾಕ್ಷಿ ಹೇಳಬಾರದೆಂಬ ಆಜ್ಞೆಗೆ ಇಂದು ವಿಧೇಯರಾಗುವ ಬಗೆ. ಪ್ರಾರ್ಥನಾ ವಿಜ್ಞಾಪನೆಯ ಹೆಸರಿನಲ್ಲಿ ಒಬ್ಬರ ಮನೆಯ ಗುಟ್ಟನ್ನು ಹತ್ತು ಜನರೆದುರು ಬಿಚ್ಚುವುದೂ ಚಾಡಿಯೇ.

ಹಾಗಾದರೆ ಯೋಚನೆಗೆ ಬೆಲೆಯಿಲ್ಲವೇ? ಇದೆ. ಸತ್ಯವಾದದ್ದು, ನ್ಯಾಯವಾದದ್ದು, ಶುದ್ಧವಾದದ್ದು ಇವುಗಳ ಮೇಲೆ ಮನಸ್ಸಿಡಿ ಎಂದು ಪೌಲ ಫಿಲಿಪ್ಪಿಯವರಿಗೆ ಸೆರೆಯಲ್ಲಿದ್ದೇ ಬರೆದ. ಈ ಮಾತನ್ನು ಎಲ್ಲರೂ ಉದಾಹರಿಸುತ್ತಾರೆ. ಅದರ ಬೆನ್ನಿಗೇ, ನನ್ನಲ್ಲಿ ಕಲಿತದ್ದನ್ನೂ ಕಂಡದ್ದನ್ನೂ ಮಾಡಿರಿ ಎಂಬ ಅರ್ಥದ ಮಾತು ಬರುತ್ತದೆ, ಶಾಂತಿಯ ದೇವರು ಜೊತೆಗಿರುವನೆಂಬ ಭರವಸೆ ಬರುವುದು ಅದರ ನಂತರ. ಬಾಕಿ ಸಂಬಳ ಕೊಟ್ಟವರು ಕೆಲಸದಾಕೆಯ ಮುಖವನ್ನು ಬೇರೆ ರೀತಿ ನೋಡಬಲ್ಲರು. ಕ್ಷಮೆ ಕೇಳಲು ಹೋಗಿ ಬಂದವರಿಗೆ ಹಳೆಯ ಕೋಪವನ್ನು ಮೊದಲಿನಂತೆ ಸಾಕುವುದು ಕಷ್ಟ. ನಡತೆ ಹೀಗೆ ಯೋಚನೆಯನ್ನು ತಿದ್ದುತ್ತದೆ, ತಿದ್ದಿದ ಯೋಚನೆ ಮರುದಿನದ ನಡತೆಯನ್ನು ಹಗುರ ಮಾಡುತ್ತದೆ.

ಆದ್ದರಿಂದ ಓದುವುದನ್ನು ಬಿಡಬೇಕೆಂದಲ್ಲ, ಓದುವ ಬಗೆ ಬದಲಾಗಬೇಕು. ಸಮಾಧಾನ ಹೇಳುವ ವಾಕ್ಯದಷ್ಟೇ ನಮ್ಮನ್ನು ಇಕ್ಕಟ್ಟಿಗೆ ಸಿಕ್ಕಿಸುವ ವಾಕ್ಯವನ್ನೂ ಹುಡುಕಿ ಓದಬೇಕು. ಒಂದು ಭಾಗ ಓದಿ ಮುಗಿಸಿದ ಮೇಲೆ, ಇದು ನನಗೆ ಏನು ಕೊಡುತ್ತದೆ ಎಂದು ಕೇಳುವ ಮೊದಲು, ಇದರ ಪ್ರಕಾರ ನಾನು ಯಾರಿಗೆ ಏನು ಸಲ್ಲಿಸಬೇಕಾಗಿದೆ ಎಂದು ಕೇಳಬೇಕು: ಯಾರ ಕೂಲಿ, ಯಾರ ಕ್ಷಮೆ, ಯಾರ ಒಳ್ಳೆಯ ಹೆಸರು, ಯಾರ ಪಕ್ಕದ ಎಲೆ. ಉತ್ತರ ಸಿಕ್ಕಿದರೆ ಅದನ್ನು ಅಂದೇ ಸಲ್ಲಿಸಬೇಕು. ನ್ಯೂಟನ್ ತೆಗೆದುಕೊಂಡ ನಲವತ್ತು ವರ್ಷಗಳ ಬೆಲೆಯನ್ನು ತೆತ್ತವನು ನ್ಯೂಟನ್ ಅಲ್ಲ, ಹಡಗಿನ ಕೆಳಗಿದ್ದವರು. ನಾವು ತಡಮಾಡಿದರೂ ಬೆಲೆ ತೆರುವವರು ಬೇರೆಯವರೇ.